ವಿಕಿರಣ ಸಹಿಷ್ಣು ಸಿಲಿಕಾನ್ ಸಂವೇದಕಗಳು

ವಿಕಿರಣ ಸಹಿಷ್ಣು ಸಿಲಿಕಾನ್ ಸಂವೇದಕಗಳು ಎಂದರೆ ತೀವ್ರ ವಿಕಿರಣದ ನಡುವೆ ಅನೇಕ ವರ್ಷಗಳ ಕಾಲ ಇದ್ದರೂ ತಮ್ಮ ಅಳತೆಯ ಕಾರ್ಯವನ್ನು ಮುಂದುವರಿಸಬಲ್ಲಂತೆ ರೂಪಿಸಲಾದ ಅರೆವಾಹಕ ಸಾಧನಗಳು. ಕಣ ಭೌತಶಾಸ್ತ್ರದ ಪ್ರಯೋಗಗಳಲ್ಲಿ ವಿದ್ಯುದಾವೇಶವುಳ್ಳ ಕಣಗಳು ಹಾದುಹೋದ ಜಾಗವನ್ನು ನಿಖರವಾಗಿ ಗುರುತಿಸಲು ಇವನ್ನು ಬಳಸಲಾಗುತ್ತದೆ. ಸಿಲಿಕಾನ್ ಸಂವೇದಕವು ಯಾವ ಕಣಗಳನ್ನು ಗುರುತಿಸಬೇಕೋ ಅವೇ ಕಣಗಳು ಅದರ ಸ್ಫಟಿಕ ರಚನೆಯನ್ನು ಸ್ವಲ್ಪಸ್ವಲ್ಪವಾಗಿ ಕೆಡಿಸುತ್ತವೆ. ಆದುದರಿಂದ ವಿಕಿರಣದಿಂದ ಸ್ವಲ್ಪವೂ ಹಾನಿಗೊಳ್ಳದ ಸಿಲಿಕಾನ್ ಸಂವೇದಕವೆಂಬುದು ಇಲ್ಲ. ಹಾನಿಯನ್ನು ನಿಧಾನಗೊಳಿಸುವುದು, ಅದರ ಪ್ರಮಾಣವನ್ನು ಮೊದಲೇ ಲೆಕ್ಕ ಹಾಕುವುದು ಮತ್ತು ಹಾನಿಗೊಂಡ ಬಳಿಕವೂ ಸಂವೇದಕವು ಉಪಯುಕ್ತವಾಗಿರುವಂತೆ ನೋಡಿಕೊಳ್ಳುವುದು ಈ ಕ್ಷೇತ್ರದ ಗುರಿ. 'ಸಹಿಷ್ಣು' ಎಂಬ ಪದದ ಅರ್ಥವೂ ಇದೇ ಆಗಿದೆ.

ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಸರ್ನ್ ಪ್ರಯೋಗಾಲಯದ ಸಿಎಂಎಸ್ ಪ್ರಯೋಗಕ್ಕೆ ಬೇಕಾದ ಇಂತಹ ಸಂವೇದಕಗಳಲ್ಲಿ ಸುಮಾರು 1000 ಸಂವೇದಕಗಳು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಸಂಸ್ಥೆಯಲ್ಲಿ ತಯಾರಾದವು. ಅವುಗಳ ಅಭಿವೃದ್ಧಿಯನ್ನು ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಕೈಗೊಂಡಿತ್ತು.

ಹಿನ್ನೆಲೆ

ಕರ್ನಾಟಕದಲ್ಲಿ ಕಣ ಭೌತಶಾಸ್ತ್ರದ ಪ್ರಯೋಗಗಳಿಗೆ ಹಳೆಯ ಇತಿಹಾಸವಿದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಕುರುಹುಗಳನ್ನು ಪತ್ತೆ ಮಾಡಲಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೊಂದಿಗೆ ಜಪಾನಿನ ಒಸಾಕಾ ಸಿಟಿ ಮತ್ತು ಬ್ರಿಟನ್ನಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಆ ಪ್ರಯೋಗದಲ್ಲಿದ್ದರು. ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣಗಳನ್ನಿಟ್ಟು ತಿಂಗಳುಗಟ್ಟಲೆ ಕಾದಾಗ ದೊರೆತದ್ದು ಬೆರಳೆಣಿಕೆಯಷ್ಟು ಘಟನೆಗಳು ಮಾತ್ರ. ಅಲ್ಲಿನ ಕಷ್ಟ ಕಣಗಳ ಅಭಾವದ್ದು.

ಸರ್ನ್‌ನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಯಂತ್ರದಲ್ಲಿ ಕಷ್ಟವು ಇದಕ್ಕೆ ತದ್ವಿರುದ್ಧವಾಗಿದೆ. 27 ಕಿಲೋಮೀಟರ್ ಸುತ್ತಳತೆಯ ಈ ಯಂತ್ರದಲ್ಲಿ ಪ್ರೋಟಾನುಗಳ ಗುಂಪುಗಳು ಎದುರುಬದುರಾಗಿ ಸಾಗಿ 25 ನ್ಯಾನೋಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 4 ಕೋಟಿ ಬಾರಿ, ಒಂದನ್ನೊಂದು ಹಾಯುವಂತೆ ವಿನ್ಯಾಸ ಮಾಡಲಾಗಿದೆ. ಪ್ರತಿ ಹಾಯುವಿಕೆಯಲ್ಲಿಯೂ ಹಲವಾರು ಘರ್ಷಣೆಗಳು ನಡೆಯುತ್ತವೆ. ಒಂದೊಂದು ಘರ್ಷಣೆಯಿಂದಲೂ ಹತ್ತಾರು ಕಣಗಳು ಎಲ್ಲ ದಿಕ್ಕುಗಳಿಗೆ ಚಿಮ್ಮುತ್ತವೆ. ವಿರಳವಾದ ಒಂದು ಘಟನೆಯನ್ನು ಕಾಣಲು ಅಪಾರ ಸಂಖ್ಯೆಯ ಘರ್ಷಣೆಗಳು ಬೇಕು. ಆ ಎಲ್ಲ ಘರ್ಷಣೆಗಳ ವಿಕಿರಣವೂ ಸಮೀಪದಲ್ಲಿರುವ ಸಂವೇದಕಗಳ ಮೇಲೆಯೇ ಬೀಳುತ್ತದೆ. 2012ರ ಜುಲೈ 4ರಂದು ಪ್ರಕಟವಾದ ಹಿಗ್ಸ್ ಬೋಸಾನ್ ಶೋಧವು ಇಂತಹ ಪರಿಸರದಲ್ಲಿಯೇ ನಡೆಯಿತು.

ಸಿಎಂಎಸ್ ಉಪಕರಣದ ತೂಕ ಸುಮಾರು 14,000 ಟನ್. ಅದು ನೆಲದಿಂದ ಸುಮಾರು 100 ಮೀಟರ್ ಆಳದಲ್ಲಿದೆ. ಅದರ ಒಳಭಾಗದ ಸಂವೇದಕವೊಂದು ಕೆಟ್ಟರೆ ತಕ್ಷಣ ಬಿಚ್ಚಿ ಬದಲಾಯಿಸುವಂತಿಲ್ಲ. ಯಂತ್ರವನ್ನು ದೀರ್ಘಕಾಲ ನಿಲ್ಲಿಸಿದಾಗ ಮಾತ್ರ ದುರಸ್ತಿ ಸಾಧ್ಯ. ಆದುದರಿಂದ ಹತ್ತು ವರ್ಷಗಳ ಅನಂತರ ಸಂವೇದಕದ ಸ್ಥಿತಿ ಏನಾಗಿರುತ್ತದೆ ಎಂಬುದನ್ನು ಅದನ್ನು ಜೋಡಿಸುವ ಮೊದಲೇ ತಿಳಿದಿರಬೇಕಾಗುತ್ತದೆ.

ಕಾರ್ಯವಿಧಾನ

ಸಿಲಿಕಾನ್ ಸಂವೇದಕವು ಮೂಲತಃ ಒಂದು ಡಯೋಡು. ರಂಜಕದ ಪರಮಾಣುಗಳನ್ನು ಸೇರಿಸಿದ ಸಿಲಿಕಾನನ್ನು ಎನ್-ಮಾದರಿ ಎಂದೂ ಬೋರಾನ್ ಸೇರಿಸಿದ ಸಿಲಿಕಾನನ್ನು ಪಿ-ಮಾದರಿ ಎಂದೂ ಕರೆಯುತ್ತಾರೆ. ಮೊದಲನೆಯದರಲ್ಲಿ ವಿದ್ಯುತ್ತನ್ನು ಸಾಗಿಸುವವು ಎಲೆಕ್ಟ್ರಾನುಗಳು, ಎರಡನೆಯದರಲ್ಲಿ 'ರಂಧ್ರ'ಗಳು, ಅಂದರೆ ಎಲೆಕ್ಟ್ರಾನಿನ ಖಾಲಿ ಸ್ಥಾನಗಳು. ಇವೆರಡೂ ಕೂಡುವೆಡೆಯಲ್ಲಿ ಹಿಮ್ಮುಖವಾಗಿ ವೋಲ್ಟೇಜನ್ನು ಕೊಟ್ಟರೆ ಚಲಿಸುವ ಆವೇಶಗಳೆಲ್ಲ ಹೊರಗೆ ಸೆಳೆಯಲ್ಪಟ್ಟು ನಡುವೆ ಬರಿದಾದ ವಲಯವೊಂದು ಉಂಟಾಗುತ್ತದೆ. ಈ ವಲಯವು ಸಂವೇದಕದ ಪೂರ್ಣ ದಪ್ಪವನ್ನು ಆವರಿಸಲು ಬೇಕಾದ ವೋಲ್ಟೇಜಿಗೆ 'ಪೂರ್ಣ ಬರಿದಾಗುವ ವೋಲ್ಟೇಜ್' ಎಂದು ಹೆಸರು.

ವೇಗವಾದ ಕಣವೊಂದು ಈ ವಲಯವನ್ನು ಹಾದುಹೋದಾಗ ಅದರ ಹಾದಿಯುದ್ದಕ್ಕೂ ಎಲೆಕ್ಟ್ರಾನ್ ಮತ್ತು ರಂಧ್ರಗಳ ಜೋಡಿಗಳು ಹುಟ್ಟುತ್ತವೆ. ಒಂದು ಜೋಡಿಗೆ ಬೇಕಾದ ಶಕ್ತಿ ಸರಾಸರಿ 3.6 ಎಲೆಕ್ಟ್ರಾನ್ ವೋಲ್ಟ್. 300 ಮೈಕ್ರೋಮೀಟರ್ ದಪ್ಪದ ಸಿಲಿಕಾನಿನಲ್ಲಿ ಸುಮಾರು 23,000 ಜೋಡಿಗಳು ದೊರೆಯುತ್ತವೆ. ವಿದ್ಯುತ್ ಕ್ಷೇತ್ರವು ಎಲೆಕ್ಟ್ರಾನುಗಳನ್ನು ಒಂದು ಬದಿಗೆ, ರಂಧ್ರಗಳನ್ನು ಇನ್ನೊಂದು ಬದಿಗೆ ಸೆಳೆಯುತ್ತದೆ. ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಮೂಡುವ ಈ ಸಣ್ಣ ಸ್ಪಂದನವೇ ಸಂಕೇತ. ಮೇಲ್ಮೈಯನ್ನು ಕಿರಿದಾದ ಪಟ್ಟಿಗಳಾಗಿ ಅಥವಾ ಚಿಕ್ಕ ಚೌಕಗಳಾಗಿ ವಿಂಗಡಿಸಿದರೆ ಯಾವ ಪಟ್ಟಿಯಲ್ಲಿ ಸಂಕೇತ ಬಂದಿತೆಂಬುದರಿಂದ ಕಣವು ಹಾದುಹೋದ ಜಾಗ ತಿಳಿಯುತ್ತದೆ.

1980ರಲ್ಲಿ ಜರ್ಮನಿಯ ಯೋಸೆಫ್ ಕೆಮ್ಮರ್ ಅವರು ವಿದ್ಯುನ್ಮಾನ ಚಿಪ್‌ಗಳ ತಯಾರಿಕೆಯಲ್ಲಿ ಬಳಸುತ್ತಿದ್ದ ಪ್ಲೇನಾರ್ ವಿಧಾನವನ್ನು ಸಂವೇದಕಗಳಿಗೆ ಅಳವಡಿಸಿದರು. ಅಂದಿನಿಂದ ಒಂದೇ ಬಗೆಯ ಸಂವೇದಕಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವುದು ಸಾಧ್ಯವಾಯಿತು. ಸಿಎಂಎಸ್‌ನ ಕಣಪಥ ಶೋಧಕದಲ್ಲಿ ಸುಮಾರು 200 ಚದರ ಮೀಟರ್ ವಿಸ್ತೀರ್ಣದಷ್ಟು ಸಿಲಿಕಾನನ್ನು ಬಳಸಲಾಗಿದೆ.

ವಿಕಿರಣದಿಂದ ಉಂಟಾಗುವ ಹಾನಿ

ಸಿಲಿಕಾನ್ ಸ್ಫಟಿಕದ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 5 × 10²² ಪರಮಾಣುಗಳಿರುತ್ತವೆ. ಸಂವೇದಕಗಳಿಗೆ ಬಳಸುವ ಸಿಲಿಕಾನಿನಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಿದ ಅನ್ಯ ಪರಮಾಣುಗಳು ಅಷ್ಟೇ ಜಾಗದಲ್ಲಿ ಸುಮಾರು 10¹² ಮಾತ್ರ. ಅಂದರೆ 5,000 ಕೋಟಿ ಪರಮಾಣುಗಳಿಗೆ ಒಂದು. ಸಂವೇದಕದ ವಿದ್ಯುತ್ ಗುಣಗಳು ಈ ಒಂದನ್ನು ಅವಲಂಬಿಸಿವೆ. ಆದುದರಿಂದ ಸ್ಫಟಿಕದಲ್ಲಿ ಅತ್ಯಲ್ಪ ಸಂಖ್ಯೆಯ ಪರಮಾಣುಗಳು ಸ್ಥಾನಪಲ್ಲಟಗೊಂಡರೂ ಅದರ ಪರಿಣಾಮ ದೊಡ್ಡದಾಗುತ್ತದೆ. ಸಂವೇದಕವನ್ನು ಸೂಕ್ಷ್ಮಗ್ರಾಹಿಯಾಗಿ ಮಾಡುವ ಶುದ್ಧತೆಯೇ ಅದನ್ನು ವಿಕಿರಣದ ಎದುರು ದುರ್ಬಲವಾಗಿಯೂ ಮಾಡುತ್ತದೆ.

ಹಾನಿಯಲ್ಲಿ ಎರಡು ಬಗೆಗಳಿವೆ.

ಒಡಲಿನ ಹಾನಿ: ಪ್ರೋಟಾನ್, ನ್ಯೂಟ್ರಾನ್ ಅಥವಾ ಪಯಾನ್ ಕಣವು ಸಿಲಿಕಾನ್ ಪರಮಾಣುವಿಗೆ ಬಡಿದು ಸುಮಾರು 25 ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚಿನ ಶಕ್ತಿಯನ್ನು ಕೊಟ್ಟರೆ ಆ ಪರಮಾಣು ತನ್ನ ಸ್ಥಾನದಿಂದ ಕಿತ್ತುಬರುತ್ತದೆ. ಅದು ಇದ್ದ ಜಾಗ ತೆರವಾಗುತ್ತದೆ. ಕಿತ್ತುಬಂದ ಪರಮಾಣು ಇತರ ಪರಮಾಣುಗಳ ನಡುವಿನ ಎಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಡೆತ ಬಲವಾಗಿದ್ದರೆ ಅದು ತಾನೂ ಸಾಗಿ ಇನ್ನಷ್ಟು ಪರಮಾಣುಗಳನ್ನು ಕದಲಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಮರಳಿ ಕೂಡಿಕೊಳ್ಳುತ್ತವೆ. ಉಳಿದ ತೆರವುಗಳು ಸ್ಫಟಿಕದಲ್ಲಿ ಅಲೆದು ಆಮ್ಲಜನಕ, ಇಂಗಾಲ, ರಂಜಕ ಮೊದಲಾದ ಪರಮಾಣುಗಳೊಡನೆ ಸೇರಿ ಸ್ಥಿರವಾದ ದೋಷಗಳಾಗಿ ನಿಲ್ಲುತ್ತವೆ.

ಮೇಲ್ಮೈಯ ಹಾನಿ: ಸಂವೇದಕದ ಮೇಲೆ ರಕ್ಷಣೆಗಾಗಿ ಸಿಲಿಕಾನ್ ಡೈಆಕ್ಸೈಡಿನ ತೆಳುವಾದ ಪದರ ಇರುತ್ತದೆ. ವಿಕಿರಣವು ಈ ಪದರದಲ್ಲಿ ಬಿಡಿಸುವ ರಂಧ್ರಗಳು ಅಲ್ಲಿಯೇ ಸಿಕ್ಕಿಹಾಕಿಕೊಂಡು ಧನಾವೇಶವಾಗಿ ಉಳಿಯುತ್ತವೆ. ಇದರಿಂದ ಪಕ್ಕಪಕ್ಕದ ಪಟ್ಟಿಗಳ ನಡುವಿನ ಪ್ರತ್ಯೇಕತೆ ಕೆಡಬಹುದು ಮತ್ತು ಅಂಚುಗಳಲ್ಲಿ ವಿದ್ಯುತ್ ಕ್ಷೇತ್ರವು ಅಪಾಯಕರವಾಗಿ ಏರಬಹುದು.

ಒಡಲಿನ ಹಾನಿಯ ಫಲಗಳು ಮುಖ್ಯವಾಗಿ ಮೂರು.

1. ಸೋರಿಕೆ ವಿದ್ಯುತ್ತಿನ ಹೆಚ್ಚಳ: ದೋಷಗಳು ಕಣದ ಹಾಯುವಿಕೆ ಇಲ್ಲದಿರುವಾಗಲೂ ಎಲೆಕ್ಟ್ರಾನ್ ಮತ್ತು ರಂಧ್ರಗಳು ತಾವಾಗಿಯೇ ಹುಟ್ಟಲು ದಾರಿ ಮಾಡಿಕೊಡುತ್ತವೆ. ಇದರಿಂದ ವಿದ್ಯುತ್ ಗದ್ದಲ ಹೆಚ್ಚಿ ಸಣ್ಣ ಸಂಕೇತಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಸಂವೇದಕವು ಬಿಸಿಯಾಗುತ್ತದೆ, ಬಿಸಿಯಾದಂತೆ ಸೋರಿಕೆ ಇನ್ನೂ ಹೆಚ್ಚುತ್ತದೆ.

2. ಬರಿದಾಗುವ ವೋಲ್ಟೇಜಿನ ಬದಲಾವಣೆ: ಎನ್-ಮಾದರಿ ಸಿಲಿಕಾನಿನಲ್ಲಿ ರಂಜಕದ ಪ್ರಭಾವ ಕ್ರಮೇಣ ಕುಗ್ಗಿ, ವಿರುದ್ಧ ಆವೇಶದ ದೋಷಗಳು ಹೆಚ್ಚುತ್ತವೆ. ಹಾಗಾಗಿ ಮೊದಲು ವೋಲ್ಟೇಜ್ ಇಳಿಯುತ್ತದೆ. ಒಂದು ಹಂತದ ಅನಂತರ ಎನ್-ಮಾದರಿಯು ಪಿ-ಮಾದರಿಯಂತೆ ವರ್ತಿಸಲಾರಂಭಿಸಿ ವೋಲ್ಟೇಜ್ ಮತ್ತೆ ಏರುತ್ತಾ ಹೋಗುತ್ತದೆ. ಇದನ್ನು 'ಮಾದರಿ ಪಲ್ಲಟ' ಎನ್ನಬಹುದು. ಬೇಕಾದ ವೋಲ್ಟೇಜು ಸಂವೇದಕವು ತಾಳಬಲ್ಲ ಮಿತಿಯನ್ನು ದಾಟಿದರೆ ಅದರ ಒಂದು ಭಾಗ ಮಾತ್ರ ಕೆಲಸ ಮಾಡುತ್ತದೆ.

3. ಸಂಕೇತದ ಕುಗ್ಗುವಿಕೆ: ಸಾಗುತ್ತಿರುವ ಎಲೆಕ್ಟ್ರಾನ್ ಮತ್ತು ರಂಧ್ರಗಳನ್ನು ದೋಷಗಳು ನಡುದಾರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಅವು ಬಿಡುಗಡೆ ಹೊಂದುವ ಹೊತ್ತಿಗೆ ಸಂಕೇತವನ್ನು ದಾಖಲಿಸುವ ಕಾಲ ಮುಗಿದಿರುತ್ತದೆ.

ಹಾನಿಯ ಅಳತೆ

ಬೇರೆ ಬೇರೆ ಕಣಗಳು ಬೇರೆ ಬೇರೆ ಪ್ರಮಾಣದಲ್ಲಿ ಹಾನಿ ಮಾಡುವುದರಿಂದ ಹೋಲಿಕೆಗಾಗಿ ಒಂದು ಸಾಮಾನ್ಯ ಮಾನವನ್ನು ಇಟ್ಟುಕೊಳ್ಳಲಾಗಿದೆ. ಯಾವುದೇ ವಿಕಿರಣದಿಂದಾದ ಒಡಲಿನ ಹಾನಿಯನ್ನು, ಅಷ್ಟೇ ಹಾನಿ ಮಾಡಲು 1 ಎಂಇವಿ ಶಕ್ತಿಯ ಎಷ್ಟು ನ್ಯೂಟ್ರಾನುಗಳು ಒಂದು ಚದರ ಸೆಂಟಿಮೀಟರನ್ನು ಹಾಯಬೇಕು ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಇದನ್ನು 'ಸಮಾನ ನ್ಯೂಟ್ರಾನು'ಗಳ ಸಂಖ್ಯೆ ಎನ್ನಬಹುದು. ಮೇಲ್ಮೈಯ ಹಾನಿಯನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ.

ಸೋರಿಕೆ ವಿದ್ಯುತ್ತು ಈ ಸಂಖ್ಯೆಗೂ ಸಂವೇದಕದ ಘನ ಗಾತ್ರಕ್ಕೂ ನೇರ ಅನುಪಾತದಲ್ಲಿ ಹೆಚ್ಚುತ್ತದೆ. ನಿಗದಿತ ರೀತಿಯಲ್ಲಿ ಕಾಯಿಸಿ ಅಳೆದಾಗ, 20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಅದರ ಗುಣಾಂಕ ಸೆಂಟಿಮೀಟರಿಗೆ ಸುಮಾರು 4 × 10⁻¹⁷ ಆಂಪಿಯರ್. ಉದಾಹರಣೆಗೆ 63 ಮಿಲಿಮೀಟರ್ ಉದ್ದ, ಅಷ್ಟೇ ಅಗಲ ಮತ್ತು 0.32 ಮಿಲಿಮೀಟರ್ ದಪ್ಪದ ಸಂವೇದಕವನ್ನು ತೆಗೆದುಕೊಂಡರೆ ಅದರ ಘನ ಗಾತ್ರ ಸುಮಾರು 1.27 ಘನ ಸೆಂಟಿಮೀಟರ್. ಅದರ ಮೇಲೆ 10¹⁴, ಅಂದರೆ ನೂರು ಲಕ್ಷ ಕೋಟಿ, ಸಮಾನ ನ್ಯೂಟ್ರಾನುಗಳಷ್ಟು ವಿಕಿರಣ ಬಿದ್ದರೆ ಸೋರಿಕೆಯು ಸುಮಾರು 5 ಮಿಲಿಆಂಪಿಯರ್ ಆಗುತ್ತದೆ. 300 ವೋಲ್ಟ್ ಕೊಟ್ಟಿದ್ದರೆ ತೆಳುವಾದ ಆ ಬಿಲ್ಲೆಯೊಂದರಲ್ಲಿಯೇ ಒಂದೂವರೆ ವಾಟ್ ಶಾಖ ಹುಟ್ಟುತ್ತದೆ. ಹೊಸ ಸಂವೇದಕದಲ್ಲಿ ಸೋರಿಕೆಯನ್ನು ಮೈಕ್ರೋಆಂಪಿಯರುಗಳಲ್ಲಿ ಅಳೆಯಲಾಗುತ್ತದೆ ಎಂಬುದನ್ನು ನೆನೆದರೆ ಹಾನಿಯ ಪ್ರಮಾಣ ಮನವರಿಕೆಯಾಗುತ್ತದೆ.

ಹೊಸ ವಿನ್ಯಾಸಗಳನ್ನು ಪರೀಕ್ಷಿಸಲು ಹತ್ತು ವರ್ಷ ಕಾಯಬೇಕಾಗಿಲ್ಲ. ಪರಮಾಣು ರಿಯಾಕ್ಟರುಗಳ ನ್ಯೂಟ್ರಾನುಗಳಿಂದ ಅಥವಾ ವೇಗೋತ್ಕರ್ಷಕಗಳ ಪ್ರೋಟಾನುಗಳಿಂದ ಅಷ್ಟೇ ಹಾನಿಯನ್ನು ಅಲ್ಪಕಾಲದಲ್ಲಿ ಉಂಟುಮಾಡಿ, ಬಳಿಕ ಗುಣಗಳನ್ನು ಅಳೆಯುತ್ತಾರೆ. ಕರ್ನಾಟಕದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಕೇಂದ್ರವು 8 ಎಂಇವಿ ಶಕ್ತಿಯ ಎಲೆಕ್ಟ್ರಾನ್ ಕಿರಣವನ್ನು ಒದಗಿಸುತ್ತದೆ. ಅರೆವಾಹಕ ಸಾಧನಗಳ ಮೇಲೆ ಎಲೆಕ್ಟ್ರಾನ್ ವಿಕಿರಣದ ಪರಿಣಾಮವನ್ನು ಅರಿಯಲು ಅದು ಬಳಕೆಯಾಗಿದೆ.

ಸಹಿಷ್ಣುತೆಯನ್ನು ಹೆಚ್ಚಿಸುವ ವಿಧಾನಗಳು

ತಂಪು

ಸುಮಾರು 7 ಡಿಗ್ರಿ ತಾಪ ಇಳಿದರೆ ಸೋರಿಕೆ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಉದಾಹರಣೆಯ ಸಂವೇದಕವನ್ನು 20 ಡಿಗ್ರಿಯಿಂದ −10 ಡಿಗ್ರಿಗೆ ತಂದರೆ ಸೋರಿಕೆಯು ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಭಾಗವಾಗುತ್ತದೆ.

ತಂಪಿಗೆ ಇನ್ನೊಂದು ಕಾರಣವೂ ಇದೆ. ಹಾನಿಗೊಂಡ ಸಿಲಿಕಾನ್ ಬೆಚ್ಚಗಿನ ತಾಪದಲ್ಲಿ ಕೆಲವು ದಿನ ಇದ್ದರೆ ಕೆಲವು ದೋಷಗಳು ತಾವಾಗಿಯೇ ಸರಿಹೋಗುತ್ತವೆ. ಇದಕ್ಕೆ ಅನೀಲಿಂಗ್ ಎಂದು ಹೆಸರು, ಕನ್ನಡದಲ್ಲಿ ಮಾಗುವಿಕೆ ಎನ್ನಬಹುದು. ಆದರೆ ಅದೇ ಬೆಚ್ಚಗಿನ ತಾಪದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನಿಷ್ಕ್ರಿಯವಾಗಿದ್ದ ದೋಷಗಳು ಬೇರೆ ರೂಪ ತಾಳಿ ಬರಿದಾಗುವ ವೋಲ್ಟೇಜನ್ನು ಮತ್ತೆ ಏರಿಸುತ್ತವೆ. ಇದು ಹಿಮ್ಮುಖ ಮಾಗುವಿಕೆ. ಈ ಕಾರಣದಿಂದ ಯಂತ್ರವು ನಿಂತಿರುವಾಗಲೂ, ಒಂದೇ ಒಂದು ಕಣವೂ ಹಾಯದಿರುವಾಗಲೂ, ಸಂವೇದಕಗಳನ್ನು ಆದಷ್ಟು ತಂಪಾಗಿಯೇ ಇರಿಸಬೇಕಾಗುತ್ತದೆ.

ಆಮ್ಲಜನಕದ ಸೇರ್ಪಡೆ

ಸರ್ನ್‌ನ ಆರ್‌ಡಿ48 ಎಂಬ ಸಂಶೋಧನಾ ಸಹಯೋಗವು 1990ರ ದಶಕದ ಕೊನೆಯಲ್ಲಿ, ಸಿಲಿಕಾನಿಗೆ ಹೆಚ್ಚಿನ ಆಮ್ಲಜನಕವನ್ನು ಸೇರಿಸಿದರೆ ಪ್ರೋಟಾನ್, ಪಯಾನ್‌ಗಳಂತಹ ಆವೇಶಯುಕ್ತ ಕಣಗಳಿಂದಾಗುವ ವೋಲ್ಟೇಜಿನ ಏರಿಕೆ ಕಡಿಮೆಯಾಗುವುದೆಂದು ತೋರಿಸಿತು. ಆಮ್ಲಜನಕದ ಪರಮಾಣುಗಳು ಅಲೆಯುವ ತೆರವುಗಳನ್ನು ಹಿಡಿದು ಅಷ್ಟಾಗಿ ತೊಂದರೆ ಕೊಡದ ದೋಷಗಳನ್ನಾಗಿ ಮಾಡುತ್ತವೆ. ನ್ಯೂಟ್ರಾನುಗಳ ವಿಷಯದಲ್ಲಿ ಇಷ್ಟು ಲಾಭ ಕಂಡುಬರಲಿಲ್ಲ, ಏಕೆಂದರೆ ಅವು ದೋಷಗಳ ದಟ್ಟವಾದ ಗುಂಪುಗಳನ್ನೇ ಉಂಟುಮಾಡುತ್ತವೆ. ಒಂದು ಬಗೆಯ ವಿಕಿರಣಕ್ಕೆ ಸಹಿಷ್ಣುವಾದುದು ಇನ್ನೊಂದಕ್ಕೂ ಸಹಿಷ್ಣುವಾಗಿರಲೇಬೇಕೆಂದಿಲ್ಲ ಎಂಬುದು ಈ ಸಂಶೋಧನೆಯ ಮುಖ್ಯ ಪಾಠ.

ಪಿ-ಮಾದರಿಯ ಒಡಲು

ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ರಂಧ್ರಗಳಿಗಿಂತ ಸುಮಾರು ಮೂರು ಪಟ್ಟು ಸುಲಭವಾಗಿ ಚಲಿಸುತ್ತವೆ. ಆದುದರಿಂದ ಎಲೆಕ್ಟ್ರಾನುಗಳನ್ನು ಸಂಗ್ರಹಿಸುವ ವಿನ್ಯಾಸದಲ್ಲಿ ನಡುದಾರಿಯ ನಷ್ಟ ಕಡಿಮೆ. ಪಿ-ಮಾದರಿಯ ಒಡಲಿನ ಮೇಲೆ ಎನ್-ಮಾದರಿಯ ಪಟ್ಟಿಗಳಿರುವ ಸಂವೇದಕಗಳಲ್ಲಿ ಈ ಅನುಕೂಲವಿದೆ. ಒಡಲು ಮೊದಲಿನಿಂದಲೇ ಪಿ-ಮಾದರಿಯಾಗಿರುವುದರಿಂದ ಮಾದರಿ ಪಲ್ಲಟದ ಪ್ರಶ್ನೆಯೂ ಏಳುವುದಿಲ್ಲ. ಲಾರ್ಜ್ ಹ್ಯಾಡ್ರಾನ್ ಕೊಲೈಡರಿನ ಮುಂದಿನ ಹಂತಕ್ಕೆ ಬಹುಪಾಲು ಇಂತಹ ಸಂವೇದಕಗಳನ್ನೇ ಆರಿಸಿಕೊಳ್ಳಲಾಗಿದೆ.

ತೆಳುತನ ಮತ್ತು ಮೂರು ಆಯಾಮದ ರಚನೆ

ಬರಿದಾಗುವ ವೋಲ್ಟೇಜು ದಪ್ಪದ ವರ್ಗಕ್ಕೆ ಅನುಪಾತವಾಗಿರುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ವೋಲ್ಟೇಜು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ತೆಳುವಾದ ಸಿಲಿಕಾನಿನಲ್ಲಿ ಹುಟ್ಟುವ ಸಂಕೇತವೂ ಚಿಕ್ಕದು. ಈ ತೊಡಕಿಗೆ ಪರಿಹಾರವಾಗಿ 1997ರಲ್ಲಿ ಶೆರ್ವುಡ್ ಪಾರ್ಕರ್ ಮತ್ತು ಅವರ ಸಹೋದ್ಯೋಗಿಗಳು ವಿದ್ಯುದ್ವಾರಗಳನ್ನು ಮೇಲ್ಮೈಯಲ್ಲಿ ಹರಡುವ ಬದಲು ಸಿಲಿಕಾನಿನೊಳಗೆ ಕಂಬಗಳಂತೆ ಇಳಿಸುವ ವಿಧಾನವನ್ನು ಸೂಚಿಸಿದರು. ಇದರಲ್ಲಿ ಕಣವು ಸಂವೇದಕದ ಪೂರ್ಣ ದಪ್ಪವನ್ನು ಹಾಯುವುದರಿಂದ ಸಂಕೇತ ಕುಗ್ಗುವುದಿಲ್ಲ, ಆದರೆ ಆವೇಶಗಳು ಸಾಗಬೇಕಾದ ದೂರ ಕೆಲವೇ ಹತ್ತು ಮೈಕ್ರೋಮೀಟರುಗಳಿಗೆ ಇಳಿಯುತ್ತದೆ. ಅಟ್ಲಾಸ್ ಪ್ರಯೋಗದಲ್ಲಿ 2014ರಲ್ಲಿ ಸೇರಿಸಿದ ಅತ್ಯಂತ ಒಳಗಿನ ಪದರದ ಒಂದು ಭಾಗದಲ್ಲಿ ಇಂತಹ ಸಂವೇದಕಗಳನ್ನು ಅಳವಡಿಸಲಾಯಿತು.

ಅಂಚುಗಳಲ್ಲಿ ವೋಲ್ಟೇಜನ್ನು ಹಂತಹಂತವಾಗಿ ಇಳಿಸುವ ಕಾವಲು ಉಂಗುರಗಳನ್ನು ರಚಿಸುವುದು ಮತ್ತು ಸ್ಫಟಿಕವನ್ನು ಸರಿಯಾದ ದಿಕ್ಕಿನಲ್ಲಿ ಕತ್ತರಿಸಿ ಮೇಲ್ಮೈಯ ಹಾನಿಯನ್ನು ತಗ್ಗಿಸುವುದು ಇತರ ಕ್ರಮಗಳು.

ಬೆಂಗಳೂರಿನಲ್ಲಿ ತಯಾರಾದ ಸಂವೇದಕಗಳು

ಸಿಎಂಎಸ್ ಉಪಕರಣದ ಎರಡೂ ತುದಿಗಳಲ್ಲಿ ಪ್ರೀಶವರ್ ಎಂಬ ಶೋಧಕವನ್ನು ಇರಿಸಲಾಗಿದೆ. ಹಿಗ್ಸ್ ಬೋಸಾನ್ ಎರಡು ಫೋಟಾನುಗಳಾಗಿ ಒಡೆಯುವುದು ಅದನ್ನು ಗುರುತಿಸುವ ಮುಖ್ಯ ದಾರಿಗಳಲ್ಲಿ ಒಂದು. ಆದರೆ ಘರ್ಷಣೆಗಳಲ್ಲಿ ಹೇರಳವಾಗಿ ಹುಟ್ಟುವ ತಟಸ್ಥ ಪಯಾನುಗಳೂ ಎರಡು ಫೋಟಾನುಗಳಾಗಿ ಒಡೆಯುತ್ತವೆ. ಆ ಎರಡು ಫೋಟಾನುಗಳು ತೀರ ಹತ್ತಿರವಾಗಿದ್ದರೆ ಅವು ಒಂದೇ ಫೋಟಾನಿನಂತೆ ಕಾಣುತ್ತವೆ. ಇವೆರಡರ ಭೇದವನ್ನು ತಿಳಿಯಲು ನೆರವಾಗುವುದೇ ಪ್ರೀಶವರ್ ಶೋಧಕದ ಉದ್ದೇಶ.

ಇದರಲ್ಲಿ ಸೀಸದ ಎರಡು ಪದರಗಳಿವೆ. ಪ್ರತಿ ಪದರದ ಹಿಂದೆ ಸಿಲಿಕಾನ್ ಸಂವೇದಕಗಳ ಒಂದು ಸಾಲು ಇದೆ. ಫೋಟಾನು ಸೀಸಕ್ಕೆ ಬಡಿದು ಎಲೆಕ್ಟ್ರಾನುಗಳ ಮಳೆಯನ್ನೇ ಉಂಟುಮಾಡುತ್ತದೆ. ಆ ಮಳೆ ಎಲ್ಲಿ ಬಿದ್ದಿತೆಂಬುದನ್ನು ಸಿಲಿಕಾನ್ ಪಟ್ಟಿಗಳು ದಾಖಲಿಸುತ್ತವೆ. ಒಂದು ಸಾಲಿನ ಪಟ್ಟಿಗಳು ಉದ್ದಕ್ಕೂ ಇನ್ನೊಂದು ಸಾಲಿನ ಪಟ್ಟಿಗಳು ಅಡ್ಡಲಾಗಿಯೂ ಇವೆ. ರಬಕವಿ-ಬನಹಟ್ಟಿಯ ಮಗ್ಗಗಳ ಮೇಲಿನ ಹಾಸು ಮತ್ತು ಹೊಕ್ಕು ನೂಲುಗಳನ್ನು ನೋಡಿದವರಿಗೆ ಈ ಜೋಡಣೆ ಸುಲಭವಾಗಿ ಅರ್ಥವಾಗುತ್ತದೆ. ಹಾಸಿನ ಯಾವ ಎಳೆ ಮತ್ತು ಹೊಕ್ಕಿನ ಯಾವ ಎಳೆ ಎಂಬುದು ಗೊತ್ತಾದರೆ ಬಟ್ಟೆಯ ಮೇಲಿನ ಬಿಂದು ಗೊತ್ತಾದಂತೆ.

ಪ್ರೀಶವರ್‌ನಲ್ಲಿ ಒಟ್ಟು 4,288 ಸಂವೇದಕಗಳಿವೆ. ಪ್ರತಿಯೊಂದೂ 63 ಮಿಲಿಮೀಟರ್ ಬದಿಯ ಚೌಕ, ದಪ್ಪ 0.32 ಮಿಲಿಮೀಟರ್. ಒಂದೊಂದರಲ್ಲಿ 32 ಪಟ್ಟಿಗಳು, ಒಟ್ಟು 1,37,216 ಪಟ್ಟಿಗಳು. ಹಲವು ದೇಶಗಳು ಈ ಸಂವೇದಕಗಳನ್ನು ಒದಗಿಸಿದವು. ಭಾರತದ ಪಾಲಿನ ಸುಮಾರು 1000 ಸಂವೇದಕಗಳನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಅರೆವಾಹಕ ತಯಾರಿಕಾ ಘಟಕದಲ್ಲಿ ಮಾಡಿಸಿತು. ದೆಹಲಿ ವಿಶ್ವವಿದ್ಯಾಲಯವೂ ಸಿಎಂಎಸ್‌ನ ಸಿಲಿಕಾನ್ ಸಂವೇದಕಗಳ ಕೆಲಸದಲ್ಲಿ ಭಾಗವಹಿಸಿತು. ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ರಕ್ಷಣಾ ಇಲಾಖೆಯ ವಿದ್ಯುನ್ಮಾನ ಅಗತ್ಯಗಳಿಗಾಗಿ ಸ್ಥಾಪನೆಗೊಂಡ ಸಾರ್ವಜನಿಕ ರಂಗದ ಸಂಸ್ಥೆ.

ನಾಲ್ಕು ಅಂಗುಲ ವ್ಯಾಸದ ಒಂದು ಸಿಲಿಕಾನ್ ಬಿಲ್ಲೆಯಿಂದ ಇಂತಹ ಒಂದೇ ಒಂದು ಸಂವೇದಕ ದೊರೆಯುತ್ತದೆ. ಸಾಮಾನ್ಯ ಚಿಪ್ ತಯಾರಿಕೆಯಲ್ಲಿ ಒಂದು ಬಿಲ್ಲೆಯಿಂದ ನೂರಾರು ಚಿಪ್‌ಗಳನ್ನು ಕತ್ತರಿಸುತ್ತಾರೆ. ಕೆಲವು ಕೆಟ್ಟರೂ ಉಳಿದವು ಉಪಯೋಗಕ್ಕೆ ಬರುತ್ತವೆ. ಇಲ್ಲಿ ಹಾಗಲ್ಲ. ಒಂದು ಮೂಲೆಯಲ್ಲಿ ದೂಳಿನ ಕಣವೊಂದು ದೋಷವನ್ನು ಉಂಟುಮಾಡಿದರೂ ಇಡೀ ಬಿಲ್ಲೆಯೇ ವ್ಯರ್ಥವಾಗಬಹುದು. ಮಗ್ಗದಲ್ಲಿ ಹಾಸಿನ ಒಂದು ಎಳೆ ಹರಿದರೆ ಬಟ್ಟೆಯ ಉದ್ದಕ್ಕೂ ಅದರ ಗೆರೆ ಕಾಣುವಂತೆ, 32 ಪಟ್ಟಿಗಳಲ್ಲಿ ಒಂದು ಹೆಚ್ಚು ಸೋರಿದರೂ ಆ ಪಟ್ಟಿಯ ಜಾಗವೆಲ್ಲ ಕುರುಡಾಗುತ್ತದೆ. ಆದುದರಿಂದ ಪ್ರತಿ ಸಂವೇದಕದ ಸೋರಿಕೆ, ಬರಿದಾಗುವ ವೋಲ್ಟೇಜ್ ಮತ್ತು ಅದು ತಾಳುವ ಗರಿಷ್ಠ ವೋಲ್ಟೇಜನ್ನು ಅಳೆದು ನೋಡಬೇಕಾಗುತ್ತಿತ್ತು.

ಹೊಸ ಸಂವೇದಕವು ಕಡಿಮೆ ವೋಲ್ಟೇಜಿನಲ್ಲಿಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಅದು ಹೆಚ್ಚಿನ ವೋಲ್ಟೇಜನ್ನು ತಾಳಬೇಕೆಂಬ ನಿಯಮವನ್ನು ವಿಧಿಸಲಾಗುತ್ತದೆ. ಪ್ರೀಶವರ್‌ನ ಒಳ ಅಂಚಿನಲ್ಲಿರುವ ಸಂವೇದಕಗಳು ತಮ್ಮ ಕಾಲಾವಧಿಯಲ್ಲಿ ಚದರ ಸೆಂಟಿಮೀಟರಿಗೆ 10¹⁴ಕ್ಕೂ ಹೆಚ್ಚು ಸಮಾನ ನ್ಯೂಟ್ರಾನುಗಳನ್ನು ಎದುರಿಸಬೇಕಾಗುತ್ತದೆ ಎಂದು ಲೆಕ್ಕ ಹಾಕಲಾಗಿತ್ತು. ಮಾದರಿ ಪಲ್ಲಟವಾಗಿ ವೋಲ್ಟೇಜು ಏರುವ ದಿನಗಳಿಗೆ ಬೇಕಾದ ತಾಳಿಕೆಯನ್ನು ಮೊದಲ ದಿನವೇ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ಈ ನಿಯಮದ ಆಶಯ. 2009ರಲ್ಲಿ ಪ್ರೀಶವರ್ ಶೋಧಕವನ್ನು ಸಿಎಂಎಸ್‌ನಲ್ಲಿ ಅಳವಡಿಸಲಾಯಿತು. ಅದರ ಸಂವೇದಕಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ತಾಪದಲ್ಲಿ ನಡೆಸಲಾಗುತ್ತದೆ.

ಭಾರತವು 2017ರ ಜನವರಿಯಲ್ಲಿ ಸರ್ನ್‌ನ ಸಹ ಸದಸ್ಯ ರಾಷ್ಟ್ರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸಿಎಂಎಸ್ ಸಹಯೋಗದಲ್ಲಿದೆ.

ಮುಂದಿನ ಹಂತ

ಲಾರ್ಜ್ ಹ್ಯಾಡ್ರಾನ್ ಕೊಲೈಡರನ್ನು ಇನ್ನೂ ಹೆಚ್ಚಿನ ಘರ್ಷಣೆಗಳಿಗಾಗಿ ಮಾರ್ಪಡಿಸಲಾಗುತ್ತಿದೆ. ಈ ಹಂತದಲ್ಲಿ ಅತ್ಯಂತ ಒಳಗಿನ ಸಂವೇದಕಗಳು ಚದರ ಸೆಂಟಿಮೀಟರಿಗೆ ಸುಮಾರು 2 × 10¹⁶ ಸಮಾನ ನ್ಯೂಟ್ರಾನುಗಳನ್ನು ತಾಳಬೇಕಾಗಿದೆ. ಬೆಂಗಳೂರಿನ ಸಂವೇದಕಗಳು ಎದುರಿಸಿದ ಮಟ್ಟಕ್ಕೆ ಹೋಲಿಸಿದರೆ ಇದು ಸುಮಾರು ನೂರು ಪಟ್ಟು. ಇದಕ್ಕೆ ಬೇಕಾದ ಸಂಶೋಧನೆಯನ್ನು 2002ರಲ್ಲಿ ಮಂಜೂರಾದ ಆರ್‌ಡಿ50 ಎಂಬ ಅಂತರರಾಷ್ಟ್ರೀಯ ಸಹಯೋಗವು ಎರಡು ದಶಕಗಳ ಕಾಲ ನಡೆಸಿತು. ದೆಹಲಿ ವಿಶ್ವವಿದ್ಯಾಲಯವು ಅದರ ಸದಸ್ಯ ಸಂಸ್ಥೆಗಳಲ್ಲಿ ಒಂದಾಗಿತ್ತು. 2024ರಿಂದ ಡಿಆರ್‌ಡಿ3 ಎಂಬ ಸಹಯೋಗವು ಆ ಕಾರ್ಯವನ್ನು ಮುಂದುವರಿಸಿದೆ.

ಪ್ರೀಶವರ್ ಇದ್ದ ಜಾಗದಲ್ಲಿ ಮುಂದೆ ಸೂಕ್ಷ್ಮ ವಿಭಾಗಗಳುಳ್ಳ ಹೊಸ ಶಕ್ತಿಮಾಪಕವೊಂದು ಬರಲಿದೆ. ಅದರಲ್ಲಿ ಎಂಟು ಅಂಗುಲದ ಬಿಲ್ಲೆಗಳಿಂದ ಕತ್ತರಿಸಿದ ಷಡ್ಭುಜಾಕೃತಿಯ ಪಿ-ಮಾದರಿ ಸಂವೇದಕಗಳನ್ನು ಬಳಸಲಾಗುತ್ತದೆ. ವಿಕಿರಣ ಹೆಚ್ಚಿರುವ ಒಳಭಾಗಕ್ಕೆ 120 ಮೈಕ್ರೋಮೀಟರ್ ದಪ್ಪದ, ಹೊರಭಾಗಗಳಿಗೆ 200 ಮತ್ತು 300 ಮೈಕ್ರೋಮೀಟರ್ ದಪ್ಪದ ಸಂವೇದಕಗಳನ್ನು ಆರಿಸಲಾಗಿದೆ. ಇಡೀ ವ್ಯವಸ್ಥೆಯನ್ನು ಸುಮಾರು −30 ಡಿಗ್ರಿ ತಾಪದಲ್ಲಿ ಇರಿಸಲಾಗುವುದು. ಹಿಂದಿನ ಪೀಳಿಗೆಯ ಸಂವೇದಕಗಳು ಕಲಿಸಿದ ಮೂರು ಪಾಠಗಳು, ಅಂದರೆ ಪಿ-ಮಾದರಿ, ತೆಳುತನ ಮತ್ತು ತಂಪು, ಇದರಲ್ಲಿ ಒಟ್ಟಾಗಿ ಕಾಣುತ್ತವೆ.

ಇತರ ಉಪಯೋಗಗಳು

ಭೂಮಿಯ ವಾತಾವರಣದ ರಕ್ಷಣೆಯಿಲ್ಲದ ಕೃತಕ ಉಪಗ್ರಹಗಳ ಅರೆವಾಹಕ ಸಾಧನಗಳೂ ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳ ಹೊಡೆತಕ್ಕೆ ಸಿಲುಕುತ್ತವೆ. ಉಪಗ್ರಹಗಳ ಸೌರಕೋಶಗಳ ಸಾಮರ್ಥ್ಯವು ವರ್ಷದಿಂದ ವರ್ಷಕ್ಕೆ ಕುಂದಲು ಸ್ಫಟಿಕದ ಇಂತಹ ದೋಷಗಳು ಒಂದು ಕಾರಣ. ಪರಮಾಣು ಸ್ಥಾವರಗಳಲ್ಲಿ ಮತ್ತು ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯಲ್ಲಿ ವಿಕಿರಣದ ಪ್ರಮಾಣವನ್ನು ಅಳೆಯಲು ಸಿಲಿಕಾನ್ ಡಯೋಡುಗಳನ್ನು ಬಳಸುತ್ತಾರೆ. ಬಳಕೆಯಾದಂತೆ ಅಂತಹ ಡಯೋಡಿನ ಸೂಕ್ಷ್ಮತೆ ಕಡಿಮೆಯಾಗುತ್ತದೆ. ಆದ್ದರಿಂದ ಅದನ್ನು ಕಾಲಕಾಲಕ್ಕೆ ಮಾನಕದೊಂದಿಗೆ ಹೋಲಿಸಿ ಸರಿಪಡಿಸದಿದ್ದರೆ ಅದು ನಿಜವಾದುದಕ್ಕಿಂತ ಕಡಿಮೆ ಪ್ರಮಾಣವನ್ನು ತೋರಿಸಬಹುದು. ಕಣ ಭೌತಶಾಸ್ತ್ರದ ಪ್ರಯೋಗಗಳಿಗಾಗಿ ಬೆಳೆದ ಹಾನಿಯ ಈ ಲೆಕ್ಕಾಚಾರವು ಇಂತಹ ಕ್ಷೇತ್ರಗಳಿಗೂ ಅನ್ವಯಿಸುತ್ತದೆ.